ಮನೆ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್: ಆರಿಸುವುದು ಹೇಗೆ, ಫೋಟೋ ತುಂಬುವ ಮೊದಲು ಪರೀಕ್ಷಿಸುವುದು ಹೇಗೆ

"ಹೊಸ ಡಿಸ್ಕ್ ಹಾಕಿ ಮೂರು ತಿಂಗಳಾಗಿಲ್ಲ, ಎಲ್ಲಾ ಹೋಯ್ತು." ಕಾರವಾರ, ಅಂಕೋಲಾ ಕಡೆಯವರೂ ಹೇಳುತ್ತಾರೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೂ ಹೇಳುತ್ತಾರೆ. ವಿಚಾರಿಸಿದರೆ ಕಥೆ ಹೆಚ್ಚುಕಡಿಮೆ ಒಂದೇ. ಡಿಸ್ಕ್ ತಂದರು, ಜೋಡಿಸಿದರು, ಒಂದು ಸಾಫ್ಟ್‌ವೇರಿನಲ್ಲಿ ನೀಲಿ ಬಣ್ಣದಲ್ಲಿ ‘ಗುಡ್’ ಅಂತ ಬಂತು. ಅವತ್ತೇ ಮದುವೆ, ಉಪನಯನದ ಫೋಟೋಗಳನ್ನೆಲ್ಲ ಅದಕ್ಕೆ ಸುರಿದರು. ಜಾಗ ಖಾಲಿ ಮಾಡಲಿಕ್ಕೆ ಹಳೆ ಡಿಸ್ಕನ್ನು ಅಳಿಸಿಯೂ ಬಿಟ್ಟರು.

ಇಲ್ಲಿ ಕೆಟ್ಟಿದ್ದು ಕೆಲಸದ ಕ್ರಮ. ಖಾಲಿ ಡಿಸ್ಕಿನ ಸ್ಥಿತಿಯನ್ನು ಒಮ್ಮೆ ನೋಡುವುದು ಪರೀಕ್ಷೆ ಅಲ್ಲ. ಮೊದಲು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಅಂಕಿಗಳನ್ನು ಬರೆದಿಡಬೇಕು. ಆಮೇಲೆ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ದುಡಿಸಬೇಕು. ಮತ್ತೆ ಅದೇ ಅಂಕಿಗಳನ್ನು ನೋಡಬೇಕು. ಬದಲಾಗಿದೆಯೋ ಇಲ್ಲವೋ ಅನ್ನುವುದೇ ಪರೀಕ್ಷೆಯ ಉತ್ತರ. ಇದೆಲ್ಲ ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಆಗಬೇಕು.

## ಮೊದಲು ಇವು ಕೈಯಲ್ಲಿರಲಿ

ಒಂದು ಪ್ಲಸ್ ಸ್ಕ್ರೂ ಡ್ರೈವರ್, ಒಂದು ಹೆಚ್ಚುವರಿ ಸಾಟಾ ಕೇಬಲ್ (ಡಿಸ್ಕನ್ನು ಕಂಪ್ಯೂಟರಿನ ಬೋರ್ಡಿಗೆ ಜೋಡಿಸುವುದು), ಬ್ಯಾಟರಿ ಸರಿಯಿರುವ ಯುಪಿಎಸ್. ಕೇಬಲ್ ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ. ವಿಂಡೋಸ್ ಇದ್ದರೆ ಮೂರು ಉಚಿತ ಸಾಫ್ಟ್‌ವೇರ್ ಸಾಕು: ಅಂಕಿ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಇಡೀ ಡಿಸ್ಕ್ ಓದಿಸಲು ವಿಕ್ಟೋರಿಯಾ, ಬರೆದು ಹೋಲಿಸಲು ಎಚ್‌2ಟೆಸ್ಟ್‌ಡಬ್ಲ್ಯೂ. ಸೀಗೇಟ್‌ನ ಸೀಟೂಲ್ಸ್ ಕೂಡ ಒಳ್ಳೆಯದು. ಅದರ ಸಾಮಾನ್ಯ ಪರೀಕ್ಷೆಗಳು ಬೇರೆ ಕಂಪನಿಯ ಡಿಸ್ಕಿಗೂ ಓಡುತ್ತವೆ. ಲಿನಕ್ಸ್ ಬಳಸುವವರಿಗೆ ‘ಡಿಸ್ಕ್ಸ್’ ಎಂಬ ಆ್ಯಪ್‌ನಲ್ಲೇ ಅಂಕಿಗಳೂ ಸಿಗುತ್ತವೆ, ಸೆಲ್ಫ್ ಟೆಸ್ಟ್ ಕೂಡ ಇದೆ.

ಸಮಯವನ್ನೂ ಲೆಕ್ಕ ಹಾಕಿಕೊಳ್ಳಿ. 2 ಟಿಬಿ ಡಿಸ್ಕನ್ನು ಸೆಕೆಂಡಿಗೆ ಸರಾಸರಿ 130 ಎಂಬಿ ವೇಗದಲ್ಲಿ ಒಂದು ಸಲ ಓದಲು ನಾಲ್ಕು ಗಂಟೆಗಿಂತ ಜಾಸ್ತಿ ಬೇಕು. ಬರೆದು ಮತ್ತೆ ಓದಲು ಅದರ ಎರಡು ಪಟ್ಟು. ರಾತ್ರಿ ಹಚ್ಚಿ ಮಲಗುವ ಕೆಲಸ ಇದು.

## ಹಂತ 1: ಏನು ಬೇಕು ಅಂತ ತೀರ್ಮಾನಿಸಿ

ವಿಂಡೋಸ್ ಕೂರಿಸಲು, ತಿರುಗುವ ಭಾಗವಿಲ್ಲದೆ ಚಿಪ್ಪಿನಲ್ಲಿ ಬರೆಯುವ ಎಸ್‌ಎಸ್‌ಡಿ ತೆಗೆದುಕೊಳ್ಳಿ, 250 ಅಥವಾ 500 ಜಿಬಿ ಸಾಕು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇರುವುದು ಸಂಗ್ರಹಕ್ಕೆ.

ಎಷ್ಟು ಟಿಬಿ ಎನ್ನುವುದು ನೀವು ಏನು ಇಡುತ್ತೀರಿ ಎಂಬುದರ ಮೇಲೆ. ಫೋಟೋ, ದಾಖಲೆ ಮಾತ್ರವಾದರೆ 1 ಟಿಬಿ ಬಹಳ ದಿನ ಬರುತ್ತದೆ. ಯಕ್ಷಗಾನ ರೆಕಾರ್ಡ್ ಮಾಡುವವರ ಲೆಕ್ಕ ಬೇರೆ. ಫುಲ್ ಎಚ್‌ಡಿ ಕ್ಯಾಮೆರಾ ಗಂಟೆಗೆ 10 ಜಿಬಿ ತಿಂದರೆ, ಬೆಳಗಿನವರೆಗಿನ ಎಂಟು ಗಂಟೆಯ ಆಟಕ್ಕೆ 80 ಜಿಬಿ ಬೇಕು. 1 ಟಿಬಿಯಲ್ಲಿ ಹನ್ನೆರಡು ಆಟ ಕೂಡ ಹಿಡಿಯುವುದಿಲ್ಲ. ಯಾಕೆಂದರೆ ವಿಂಡೋಸ್ 1 ಟಿಬಿ ಡಿಸ್ಕನ್ನು 931 ಜಿಬಿ ಅಂತ ತೋರಿಸುತ್ತದೆ, 2 ಟಿಬಿಯನ್ನು 1863 ಜಿಬಿ ಅಂತ. ಇದು ಮೋಸವಲ್ಲ, ಲೆಕ್ಕ ಹಿಡಿಯುವ ರೀತಿ ಬೇರೆ ಅಷ್ಟೇ. ಇದೊಂದೇ ಕಾರಣಕ್ಕೆ ಅಂಗಡಿಯವರ ಹತ್ತಿರ ಜಗಳ ಮಾಡಬೇಡಿ.

ಅಳತೆ ನೋಡಿಕೊಳ್ಳಿ. ಡೆಸ್ಕ್‌ಟಾಪಿಗೆ 3.5 ಇಂಚು, ಲ್ಯಾಪ್‌ಟಾಪಿಗೆ 2.5 ಇಂಚು. 3.5 ಇಂಚಿನದಕ್ಕೆ 12 ವೋಲ್ಟ್ ಬೇಕು, ಹಾಗಾಗಿ ಅದು ಬರೀ ಯುಎಸ್‌ಬಿ ಕೇಬಲ್ಲಿನಲ್ಲಿ ನಡೆಯುವುದಿಲ್ಲ. ಪೋರ್ಟಬಲ್ ಡಿಸ್ಕ್ ತಂದು ಬಿಚ್ಚಿ ಕ್ಯಾಬಿನೆಟ್ಟಿಗೆ ಹಾಕುತ್ತೇನೆ ಎನ್ನುವ ಆಲೋಚನೆ ಇದ್ದರೆ ಬಿಡಿ. ವೆಸ್ಟರ್ನ್ ಡಿಜಿಟಲ್‌ನ ಬಹಳಷ್ಟು ಪೋರ್ಟಬಲ್‌ಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡ್ ಮೇಲೇ ಇರುತ್ತದೆ, ಸಾಟಾ ಕನೆಕ್ಟರೇ ಇರುವುದಿಲ್ಲ.

## ಹಂತ 2: ಮಾಡೆಲ್ ನಂಬರ್ ಹುಡುಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. "ಸೀಗೇಟ್ 2 ಟಿಬಿ ಕೊಡಿ" ಎಂದು ಕೇಳಿದರೆ ಅರ್ಧ ಕೇಳಿದ ಹಾಗೆ. ಡಿಸ್ಕಿನ ಒಳಗೆ ಬರೆಯುವ ವಿಧಾನ ಎರಡಿದೆ, ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್‌ನಲ್ಲಿ ಸಾಲುಗಳು ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ, ನಮ್ಮ ಮಾಡಿನ ಹಂಚಿನ ಹಾಗೆ. ನಡುವಿನ ಒಂದು ಹಂಚು ಬದಲಿಸಲು ಪಕ್ಕದ ಹಂಚುಗಳನ್ನೂ ಎತ್ತಬೇಕಲ್ವಾ? ಎಸ್‌ಎಂಆರ್ ಡಿಸ್ಕ್ ಕೂಡ ಒಂದು ತುಂಡು ತಿದ್ದಲು ಪಕ್ಕದ ಸಾಲುಗಳನ್ನು ಮತ್ತೆ ಬರೆಯುತ್ತದೆ. ಹಾಗಾಗಿ ದೊಡ್ಡ ಕಾಪಿ ನಡೆಯುವಾಗ ವೇಗ ಒಮ್ಮೆಲೇ ಕುಸಿಯುತ್ತದೆ.

ತುಂಬಿಸಿ ಇಟ್ಟುಬಿಡುವ ಬ್ಯಾಕಪ್ಪಿಗೆ ಎಸ್‌ಎಂಆರ್ ನಡೆಯುತ್ತದೆ. ದಿನವೂ ವಿಡಿಯೋ ಎಡಿಟ್ ಮಾಡುವವರು ಸಿಎಂಆರ್ ಕೇಳಿ ತನ್ನಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಸಾಲಿನ ಕೆಲವು ಡಿಸ್ಕುಗಳಲ್ಲಿ ಹೇಳದೇ ಎಸ್‌ಎಂಆರ್ ಹಾಕಿದ್ದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಅದಾದ ಮೇಲೆ ಕಂಪನಿಗಳು ಯಾವ ಮಾಡೆಲ್ ಯಾವ ವಿಧ ಎಂದು ಪಟ್ಟಿ ಹಾಕಿದವು. ಬಣ್ಣ ನೋಡಿ ತೀರ್ಮಾನಿಸಬೇಡಿ, ‘ಬ್ಲೂ’ ಎಂಬ ಒಂದೇ ಹೆಸರಿನಲ್ಲಿ ಎರಡೂ ವಿಧ ಇವೆ. ರೆಡ್ ಪ್ಲಸ್, ರೆಡ್ ಪ್ರೊ, ಸೀಗೇಟ್‌ನ ಐರನ್‌ವುಲ್ಫ್ ಇವು ಸಿಎಂಆರ್. ಪರ್ಪಲ್ ಸಿಸಿಟಿವಿಗಾಗಿ ಮಾಡಿದ್ದು. ಮನೆಯಲ್ಲಿ ಬಳಸಿದರೆ ಹಾಳಾಗುವುದೇನಿಲ್ಲ, ಆದರೆ ಅಂಗಡಿಯಲ್ಲಿ ಅದೊಂದೇ ಇದೆ ಎಂಬ ಕಾರಣಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಇನ್ನೊಂದು ಸೂಚನೆ. ಈಗ ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಸ್ಯಾಮ್‌ಸಂಗ್ ತನ್ನ ಹಾರ್ಡ್ ಡಿಸ್ಕ್ ವ್ಯವಹಾರವನ್ನು 2011ರಲ್ಲಿ ಸೀಗೇಟಿಗೆ ಮಾರಿತು. ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಹಾಗಿದ್ದ ಮೇಲೆ ‘ಹೊಸ’ ಹಿಟಾಚಿ ಡಿಸ್ಕ್ ಎಲ್ಲಿಂದ ಬರಬೇಕು? ಹೆಸರೇ ಕೇಳದ ಲೇಬಲ್ ಅಂಟಿಸಿದ ಅಗ್ಗದ 500 ಜಿಬಿ ಡಿಸ್ಕಿನ ಒಳಗಿರುವುದೂ ಈ ಕಂಪನಿಗಳಲ್ಲೇ ಒಂದರ ಮಾಲು. ಅದು ಹೊಸದೋ ಹಳೆಯದೋ ಎನ್ನುವುದನ್ನು 5ನೇ ಹಂತದಲ್ಲಿ ಡಿಸ್ಕೇ ಹೇಳುತ್ತದೆ.

## ಹಂತ 3: ಕೊಳ್ಳುವಾಗ ಮತ್ತು ಪಾರ್ಸೆಲ್ ಬಂದಾಗ

ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಅದೇ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ವಾರಂಟಿ ಇಲ್ಲ ಎಂದು ಬಂದರೆ ಅಥವಾ ಬೇರೆ ದೇಶದ್ದು ಎಂದು ಬಂದರೆ, ಅಂಗಡಿಯವರು "ಫ್ರೆಶ್ ಪೀಸ್ ಸರ್" ಎಂದರೂ ಬೇಡ ಎನ್ನಿ.

ಆನ್‌ಲೈನಿನಲ್ಲಿ ತರಿಸಿದ ಡಿಸ್ಕ್ ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದು ಕುಲುಕಾಡಿಕೊಂಡು ಬಂದಿರುತ್ತದೆ. ಪೆಟ್ಟಿಗೆಯೊಳಗೆ ಡಿಸ್ಕ್ ಅಲ್ಲಾಡುತ್ತಿದ್ದರೆ, ಮೂಲೆ ಜಜ್ಜಿದ್ದರೆ, ಒಡೆಯುವ ಮೊದಲೇ ಫೋಟೋ ತೆಗೆಯಿರಿ. ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಆ್ಯಂಟಿಸ್ಟ್ಯಾಟಿಕ್ ಕವರಿನ ಸೀಲ್ ಒಡೆದಿದ್ದರೆ, ಸ್ಕ್ರೂ ತೂತಿನಲ್ಲಿ ಗೀರು ಇದ್ದರೆ, ಸಾಟಾ ಕನೆಕ್ಟರಿನ ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಉಜ್ಜಿದ ಗೆರೆ ಇದ್ದರೆ, ಅದನ್ನು ಯಾರೋ ಮೊದಲೇ ಬಳಸಿದ್ದಾರೆ.

ತಂದ ಕೂಡಲೇ ಹಚ್ಚಬೇಡಿ. ಎಸಿ ಅಂಗಡಿಯಿಂದ ಕಾರವಾರದ ಜುಲೈ ಸೆಕೆಗೆ ಬಂದ ತಣ್ಣನೆ ಲೋಹದ ಮೇಲೆ ನೀರಿನ ಪಸೆ ಕೂರುತ್ತದೆ. ಕವರ್ ಬಿಚ್ಚದೆ ಮೂರು ನಾಲ್ಕು ಗಂಟೆ ಮನೆಯೊಳಗೆ ಇಡಿ. ಡಿಸ್ಕ್ ಎಷ್ಟು ತೇವ ತಡೆಯುತ್ತದೆ ಎಂದು ಕಂಪನಿ ಹೇಳುವಾಗ, ನೀರಾಗಿ ಕೂರದ ತೇವ ಎಂಬ ಷರತ್ತೂ ಜೊತೆಗಿರುತ್ತದೆ.

## ಹಂತ 4: ಜೋಡಿಸುವುದು

ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಕೀಳಿ. ಆಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹವನ್ನು ಮುಟ್ಟಿ ಕೆಲಸ ಶುರುಮಾಡಿ. ಕಂಪ್ಯೂಟರ್ ಓಡುತ್ತಿರುವಾಗ ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಮ್ಮೆನ್ನುತ್ತದೆಯೇ? ಹಾಗಾದರೆ ಅರ್ಥಿಂಗ್ ಸರಿಯಿಲ್ಲ. ಹಳೆ ಮನೆಗಳಲ್ಲಿ ಇದು ಮಾಮೂಲು. ಡಿಸ್ಕಿಗಿಂತ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಡಿಸ್ಕನ್ನು ನಾಲ್ಕೂ ಸ್ಕ್ರೂ ಹಾಕಿ ಬಿಗಿಯಿರಿ. ಒಂದೇ ಬದಿಗೆ ಎರಡು ಸ್ಕ್ರೂ ಹಾಕಿ ಬಿಟ್ಟರೆ ನಡುಗುತ್ತದೆ. 3.5 ಇಂಚಿನದಕ್ಕೆ ದಪ್ಪ ಎಳೆಯ ಸ್ಕ್ರೂ, 2.5 ಇಂಚಿನದಕ್ಕೆ ಸಣ್ಣ ಎಳೆಯದು. ಅದಲು ಬದಲು ಮಾಡಿ ತಿರುವಿದರೆ ತೂತು ಹಾಳು. ಪವರ್ ಕೇಬಲ್ ಕ್ಯಾಬಿನೆಟ್ಟಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರಲಿ. ಹಳೆ ನಾಲ್ಕು ಪಿನ್ನಿನಿಂದ ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರುಗಳು ಕರಗಿ ಸುಟ್ಟುಹೋಗುವುದು ಉಂಟು.

ಡಿಸ್ಕಿನ ಮೈಮೇಲೆ ಒಂದು ಸಣ್ಣ ತೂತು ಇರುತ್ತದೆ, ಪಕ್ಕದಲ್ಲಿ ‘ಮುಚ್ಚಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಒಳಗಿನ ಹೊರಗಿನ ಗಾಳಿಯ ಒತ್ತಡ ಸಮ ಇಡಲು ಅದು ಬೇಕು, ಒಳಗೆ ಫಿಲ್ಟರ್ ಇದೆ. (ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳಿಗೆ ಈ ತೂತು ಇರುವುದಿಲ್ಲ.) ಅಂಗಡಿಯ ವಾರಂಟಿ ಸ್ಟಿಕರನ್ನು ಸರಿಯಾಗಿ ಅದರ ಮೇಲೇ ಅಂಟಿಸುವವರಿದ್ದಾರೆ. ಕೊಳ್ಳುವಾಗಲೇ ಬೇರೆ ಕಡೆ ಅಂಟಿಸಲು ಹೇಳಿ.

ಕಂಪ್ಯೂಟರ್ ಹಚ್ಚಿದ ಮೇಲೆ ‘ದಿಸ್ ಪಿಸಿ’ಯಲ್ಲಿ ಹೊಸ ಡಿಸ್ಕ್ ಕಾಣಿಸುವುದಿಲ್ಲ. ಗಾಬರಿ ಬೇಡ, ಹಾಗೇ ಇರಬೇಕು. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ ‘ಅನ್‌ಅಲೊಕೇಟೆಡ್’ ಎಂದು ಕಪ್ಪು ಪಟ್ಟಿ ಕಾಣುತ್ತದೆ. ಇನಿಷಿಯಲೈಸ್ (ಡಿಸ್ಕನ್ನು ಬಳಕೆಗೆ ಸಿದ್ಧ) ಮಾಡಲು ಕೇಳಿದರೆ, ಡಿಸ್ಕಿನ ಭಾಗಗಳ ಪಟ್ಟಿ ಇಡುವ ಎರಡು ರೀತಿಗಳಲ್ಲಿ ಜಿಪಿಟಿ ಆರಿಸಿ. ಎಂಬಿಆರ್ ಆರಿಸಿದರೆ 2 ಟಿಬಿಗಿಂತ ಮೇಲಿನ ಜಾಗ ಸಿಗುವುದಿಲ್ಲ. ಪಾರ್ಟಿಶನ್ (ಫೈಲ್ ಇಡಲು ಜಾಗವನ್ನು ಭಾಗ ಮಾಡುವುದು) ಈಗಲೇ ಮಾಡಬೇಡಿ. ಒಳಗೆ ಇಡುವ ಡಿಸ್ಕ್ ಹೊಸದು ಎಂದು ಕೊಟ್ಟಿದ್ದರೂ ಅದರಲ್ಲಿ ಮೊದಲೇ ಪಾರ್ಟಿಶನ್ ಇದ್ದರೆ ಅದೇ ಅಪಾಯದ ಗುರುತು.

## ಹಂತ 5: ಮೊದಲ ಅಂಕಿ ಬರೆದಿಡಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ‘ಗುಡ್’ ಎಂಬ ನೀಲಿ ಪೆಟ್ಟಿಗೆಯನ್ನು ಸದ್ಯಕ್ಕೆ ಮರೆತುಬಿಡಿ, ಕೆಳಗಿನ ಪಟ್ಟಿ ನೋಡಿ. ಕೊನೆಯ ಕಾಲಮ್ಮಿನಲ್ಲಿರುವ ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ. ಅಲ್ಲಿ 2238 ಎಂದು ಕಂಡರೆ ಅದು ನಮ್ಮ ಲೆಕ್ಕದಲ್ಲಿ 8760. ಓಡಿದ ಗಂಟೆಯ ಸಾಲಿನಲ್ಲಿ ಹೀಗಿದ್ದರೆ ಡಿಸ್ಕ್ ಹಗಲು ರಾತ್ರಿ ಒಂದು ಪೂರ್ತಿ ವರ್ಷ ಓಡಿದೆ ಎಂದರ್ಥ. ‘ಫಂಕ್ಷನ್’ ಮೆನುವಿನ ‘ಅಡ್ವಾನ್ಸ್ಡ್ ಫೀಚರ್’ ಒಳಗೆ ‘ರಾ ವ್ಯಾಲ್ಯೂಸ್’ ಅನ್ನು ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ. ಆಮೇಲೆ ‘ಎಡಿಟ್’ನಲ್ಲಿ ‘ಕಾಪಿ’ ಒತ್ತಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ, ತಾರೀಖು ಹಾಕಿ ಸೇವ್ ಮಾಡಿ. ಹೊಸ ಡಿಸ್ಕಿನಲ್ಲಲ್ಲ, ಬೇರೆ ಕಡೆ.

ಎಲ್ಲಾ ಸಾಲು ಓದಬೇಕಾಗಿಲ್ಲ. ಇವಷ್ಟು ನೋಡಿ, ಮೊದಲಿರುವುದು ಸಾಲಿನ ನಂಬರ್:

09, ಓಡಿದ ಗಂಟೆ. ಹೊಸ ಡಿಸ್ಕಿನಲ್ಲಿ ಸೊನ್ನೆ ಅಥವಾ ಬೆರಳೆಣಿಕೆ. ನೂರು ದಾಟಿದ್ದರೆ ಹೊಸದಲ್ಲ.

05, ಬದಲಿಸಿದ ಸೆಕ್ಟರ್ (ಡಿಸ್ಕಿನಲ್ಲಿ ಬರೆಯುವ ಜಾಗದ ಸಣ್ಣ ತುಂಡು). ಕೆಟ್ಟ ಜಾಗವನ್ನು ಬಿಟ್ಟು ಡಿಸ್ಕ್ ಮೀಸಲು ಜಾಗ ಬಳಸಿದ ಲೆಕ್ಕ. ಹೊಸದರಲ್ಲಿ ಸೊನ್ನೆಯೇ ಇರಬೇಕು.

ಸಿ5 ಮತ್ತು ಸಿ6. ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು, ಸರಿಪಡಿಸಲು ಆಗದವು. ಇವೂ ಸೊನ್ನೆ. ಒಂದು ಇದ್ದರೂ ಹೊಸ ಡಿಸ್ಕನ್ನು ವಾಪಸ್ ಮಾಡಿ.

ಸಿ7, ಕೇಬಲ್ ದೋಷ. ಇದು ಏರಿದರೆ ಡಿಸ್ಕನ್ನು ದೂರಬೇಡಿ, ಕೇಬಲ್ ಬದಲಿಸಿ. ಒಮ್ಮೆ ಏರಿದ ಅಂಕಿ ಇಳಿಯುವುದಿಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಇನ್ನೂ ಏರುತ್ತಿದೆಯೇ ಎಂಬುದಷ್ಟೇ ಮುಖ್ಯ. ಉಪ್ಪುಗಾಳಿಯ ಊರಿನಲ್ಲಿ ಹಳೆ ಕೇಬಲ್ಲಿನ ತುದಿಗಳು ಮಂಕಾಗುತ್ತವೆ. ಕೋಡಿಬಾಗ, ಬೈತಕೋಲದಂಥ ಸಮುದ್ರದ ಮಗ್ಗುಲಿನ ಮನೆಗಳಲ್ಲಿ ಕ್ಯಾಬಿನೆಟ್ ಸ್ಕ್ರೂಗೇ ತುಕ್ಕು ಹಿಡಿದಿರುತ್ತದೆ, ಕೇಬಲ್ ಏನು ಲೆಕ್ಕ. ಹೆಚ್ಚುವರಿ ಕೇಬಲ್ ತರಲು ಹೇಳಿದ್ದು ಇದಕ್ಕೇ.

ಸಿ0, ಕರೆಂಟ್ ಹೋಗಿ ನಿಂತ ಲೆಕ್ಕ. ಕರೆಂಟ್ ಕೈಕೊಟ್ಟಾಗ ಡಿಸ್ಕ್ ತನ್ನ ತಿರುಗುವಿಕೆಯ ಬಲದಿಂದಲೇ ಹೆಡ್ಡನ್ನು (ಓದಿ ಬರೆಯುವ ತುದಿಯನ್ನು) ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಪ್ರತಿ ಸಲ ಹೀಗಾದಾಗ ಈ ಅಂಕಿ ಏರುತ್ತದೆ. ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುವ ಶಿರಸಿ ಸುತ್ತಿನ ಹಳ್ಳಿಗಳಲ್ಲಿ ಜೂನ್, ಜುಲೈ ತಿಂಗಳು ಇದನ್ನು ಗಮನಿಸಿ.

ಸೀಗೇಟ್ ಡಿಸ್ಕಿನಲ್ಲಿ 01 ಮತ್ತು 07ರ ಎದುರು ಕೋಟಿ ಲೆಕ್ಕದ ಅಂಕಿ ಕಾಣುತ್ತದೆ. ಅದು ಸಹಜ. ಅದನ್ನು ನೋಡಿ ಒಳ್ಳೆ ಡಿಸ್ಕ್ ವಾಪಸ್ ಮಾಡಿದವರು ಬಹಳ.

ಈ ಅಂಕಿಗಳನ್ನೇ ಅಳಿಸಿ ಹಳೆಯದನ್ನು ಹೊಸದೆಂದು ಮಾರುವುದೂ ಇದೆ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಸೀಗೇಟ್ ಡಿಸ್ಕುಗಳ ಇಂಥ ಪ್ರಕರಣಗಳು ಹೊರಬಂದವು. ಕಂಪನಿ ಡಿಸ್ಕಿನೊಳಗೆ ಬೇರೆಯಾಗಿ ಇಡುವ ‘ಫಾರ್ಮ್’ ಎಂಬ ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದುಕೊಂಡಿದ್ದವು, ಅದರಿಂದ ಸಿಕ್ಕಿಬಿತ್ತು. ಅದಕ್ಕೇ 3ನೇ ಹಂತದ ಗೀರು, ಸೀಲ್, ವಾರಂಟಿ ಪುಟ ಇವನ್ನು ಬಿಡಬಾರದು.

## ಹಂತ 6: ಮೊದಲು ಓದಿಸಿ, ಆಮೇಲೆ ಬರೆಯಿಸಿ

ಈ ಕ್ರಮಕ್ಕೆ ಕಾರಣ ಇದೆ. ದುರ್ಬಲ ಸೆಕ್ಟರ್ ಓದುವಾಗ ಸಿಕ್ಕಿಬೀಳುತ್ತದೆ. ಅದರ ಮೇಲೆ ಮೊದಲೇ ಬರೆದುಬಿಟ್ಟರೆ ಡಿಸ್ಕ್ ಅದನ್ನು ಸದ್ದಿಲ್ಲದೆ ಬದಲಿಸಬಹುದು, ಅಥವಾ ತಾತ್ಕಾಲಿಕವಾಗಿ ಸರಿ ಮಾಡಿಕೊಳ್ಳಬಹುದು. ನಿಮಗೆ ಬೇಕಾದ ಸಾಕ್ಷಿ ಹೋಯಿತು.

ಶುರುಮಾಡುವ ಮೊದಲು ವಿಂಡೋಸಿನಲ್ಲಿ ‘ಸ್ಲೀಪ್’ ಅನ್ನು ‘ನೆವರ್’ಗೆ ಹಾಕಿ. ಯುಪಿಎಸ್ ಹಚ್ಚಿ. ಇನ್ವರ್ಟರ್ ಮೇಲೆ ನಡೆಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಿರುಗಿಸಿ. ಇಕೋ ಮೋಡಿನಲ್ಲಿ ಬದಲಾಗುವ ಹೊತ್ತು ಜಾಸ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಆದರೆ ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸಾಮಾನ್ಯವಾಗಿ 180ರ ಆಸುಪಾಸಿಗೆ ಇಳಿದ ಕೂಡಲೇ ಬ್ಯಾಟರಿಗೆ ಹಾರುತ್ತದೆ. ಸಂಜೆ ಲೋ ವೋಲ್ಟೇಜ್ ಇರುವ ಊರಾದರೆ ಪರೀಕ್ಷೆಯನ್ನು ನಡುರಾತ್ರಿಗೆ ಇಟ್ಟುಕೊಳ್ಳಿ.

ಸಣ್ಣ ಪರೀಕ್ಷೆ. ಸೀಟೂಲ್ಸಿನಲ್ಲಿ ‘ಶಾರ್ಟ್ ಸೆಲ್ಫ್ ಟೆಸ್ಟ್’. ಎರಡು ಮೂರು ನಿಮಿಷ. ಇದರಲ್ಲೇ ಫೇಲಾದರೆ ಮುಂದೆ ಹೋಗುವುದೇ ಬೇಡ.

ಪೂರ್ತಿ ಓದು. ವಿಕ್ಟೋರಿಯಾದಲ್ಲಿ ಡಿಸ್ಕ್ ಆರಿಸಿ. ಸರಿಯಾದ ಡಿಸ್ಕೇ ಆರಿಸಿದ್ದೀರಾ ಎಂದು ಸೀರಿಯಲ್ ನಂಬರ್ ಎರಡು ಸಲ ನೋಡಿ. ‘ರೀಡ್’ ಮತ್ತು ‘ಇಗ್ನೋರ್’ ಎರಡನ್ನೇ ಗುರುತು ಮಾಡಿ. ‘ರೈಟ್’, ‘ಎರೇಸ್’ ಮುಟ್ಟಿದರೆ ಇರುವುದು ಅಳಿಸುತ್ತದೆ. ‘ರೀಮ್ಯಾಪ್’ ಸಾಕ್ಷಿ ಅಳಿಸುತ್ತದೆ. ಸ್ಕ್ಯಾನ್ ಓಡುವಾಗ ಬೂದು, ಹಸಿರು ಪೆಟ್ಟಿಗೆಗಳು ಸರಿ. ಕಿತ್ತಳೆ, ಕೆಂಪು ಎಂದರೆ ಆ ಜಾಗ ತಡಕಾಡುತ್ತಿದೆ. ದೋಷಗಳ ಲೆಕ್ಕ ಬೇರೆಯಾಗಿ ಬರುತ್ತದೆ, ಅದು ಸೊನ್ನೆ ಇರಲೇಬೇಕು.

ಒಂದೆರಡು ಕಿತ್ತಳೆ ಕಂಡರೆ ಆ ಜಾಗದ ಅಂಕಿ ಬರೆದುಕೊಂಡು ಅಷ್ಟೇ ಭಾಗವನ್ನು ಮತ್ತೆ ಓದಿಸಿ. ಅದೇ ಜಾಗ ಮತ್ತೆ ನಿಧಾನವಾದರೆ ತೊಂದರೆ ಡಿಸ್ಕಿನದು. ಬೇರೆ ಕಡೆ ಬಂದರೆ ಯಾವುದೋ ಪ್ರೋಗ್ರಾಮ್ ನಡುವೆ ಡಿಸ್ಕ್ ಮುಟ್ಟಿರಬೇಕು. ಸ್ಕ್ಯಾನ್ ಮುಂದೆ ಹೋದಂತೆ ವೇಗ ಇಳಿದು ಕೊನೆಯಲ್ಲಿ ಶುರುವಿನ ಅರ್ಧದ ಹತ್ತಿರ ಬರುತ್ತದೆ. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು, ಹಾಗಾಗಿ ಇದು ದೋಷವಲ್ಲ. ಮೆಲ್ಲಗೆ ಇಳಿಯುವುದು ಸರಿ. ಹೊಂಡಕ್ಕೆ ಬಿದ್ದ ಹಾಗೆ ಇಳಿದು ಏಳುವುದು ಸರಿಯಲ್ಲ.

ಪೂರ್ತಿ ಬರೆಯುವುದು. ಈಗ ಪಾರ್ಟಿಶನ್ ಮಾಡಿ. ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಗುರುತನ್ನು ತೆಗೆಯಿರಿ. ವಿಸ್ಟಾದಿಂದ ಈಚಿನ ವಿಂಡೋಸ್ ಹೀಗೆ ಮಾಡಿದಾಗ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. ಅಂಗಡಿಯಿಂದ ತಂದ ಒಳಗಿನ ಡಿಸ್ಕಿಗೆ ಇಷ್ಟು ಸಾಕು. ಆನ್‌ಲೈನಿನಲ್ಲಿ ಕೊಂಡ ಯುಎಸ್‌ಬಿ ಡಿಸ್ಕ್, ಅದರಲ್ಲೂ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕ 16 ಟಿಬಿಯಂಥದ್ದಾದರೆ ಎಚ್‌2ಟೆಸ್ಟ್‌ಡಬ್ಲ್ಯೂ ಓಡಿಸಲೇಬೇಕು. ಒಳಗೆ ಸಣ್ಣ ಮೆಮೊರಿ ಕಾರ್ಡ್ ಇಟ್ಟು ಗಾತ್ರ ಸುಳ್ಳು ಹೇಳುವ ಮಾಲುಗಳು ಬೇಕಷ್ಟಿವೆ. ಈ ಸಾಫ್ಟ್‌ವೇರ್ ಡಿಸ್ಕ್ ತುಂಬ ಬರೆದು, ಓದಿ, ಬರೆದದ್ದೇ ಬಂತೇ ಎಂದು ಹೋಲಿಸುತ್ತದೆ.

ನಡುವೆ ಕರೆಂಟ್ ಹೋಗಿ ಪರೀಕ್ಷೆ ನಿಂತರೆ ಡಿಸ್ಕ್ ಕೆಟ್ಟಿತು ಎಂದಲ್ಲ. ಮತ್ತೆ ಮೊದಲಿನಿಂದ ಶುರು. ಬೇಸರವೇ, ಆದರೆ ಅರ್ಧ ಓಡಿದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಓಡುತ್ತಿರುವಾಗ ಉಷ್ಣತೆ ನೋಡುತ್ತಿರಿ. 45 ಡಿಗ್ರಿಯವರೆಗೆ ಚಿಂತೆ ಇಲ್ಲ. ಏಪ್ರಿಲ್, ಮೇ ಸೆಕೆಯಲ್ಲಿ 50 ದಾಟಿದರೆ ಕ್ಯಾಬಿನೆಟ್ಟಿನ ಬದಿ ತೆಗೆದು ಟೇಬಲ್ ಫ್ಯಾನ್ ಇಡಿ. ಹೆಚ್ಚಿನ ಡಿಸ್ಕುಗಳಿಗೆ ಕಂಪನಿ ಹೇಳುವ ಗರಿಷ್ಠ ಮಿತಿ 60.

## ಹಂತ 7: ಮತ್ತೆ ಅದೇ ಅಂಕಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮತ್ತೆ ತೆರೆದು, ಕಾಪಿ ಮಾಡಿ, ಹಳೆ ನೋಟ್‌ಪ್ಯಾಡಿನ ಪಕ್ಕ ಇಡಿ. 09 ಏರಿರುತ್ತದೆ, ಏರಲೇಬೇಕು. 05, ಸಿ5, ಸಿ6 ಮೂರೂ ಸೊನ್ನೆಯಲ್ಲೇ ಇದ್ದರೆ ಡಿಸ್ಕ್ ಪಾಸ್. ಒಂದಾದರೂ ಮೇಲೇರಿದ್ದರೆ ಎರಡೂ ಪಟ್ಟಿ ಪ್ರಿಂಟ್ ತೆಗೆದು, ಬಿಲ್ ಜೊತೆ ಅಂಗಡಿಗೆ ಹೋಗಿ. "ನಾಲ್ಕೇ ಅಲ್ವಾ, ಪರವಾಗಿಲ್ಲ" ಎನ್ನುತ್ತಾರೆ. ಹೊಸ ಡಿಸ್ಕಿನಲ್ಲಿ ಮೊದಲ ರಾತ್ರಿಯೇ ನಾಲ್ಕು ಸೆಕ್ಟರ್ ಹೋದರೆ ಪರವಾ ಇದೆ.

ಪಾಸಾದ ಡಿಸ್ಕಿಗೂ ನಂಬಿಕೆಯ ಮಿತಿ ಇದೆ. ಗೂಗಲ್ 2007ರಲ್ಲಿ ತನ್ನ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಕೆಟ್ಟ ಡಿಸ್ಕುಗಳಲ್ಲಿ 36 ಶೇಕಡಕ್ಕೂ ಹೆಚ್ಚಿನವು ಉಷ್ಣತೆ ಬಿಟ್ಟರೆ ಇಂಥ ಯಾವ ಅಂಕಿಯಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ. ಹಾಗಾಗಿ ಎರಡನೇ ಪ್ರತಿ ಬೇಕೇ ಬೇಕು. ಹಳೆ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಅಳಿಸಬೇಡಿ. ಕಾರವಾರದಲ್ಲಿ ಮನೆ ಇದ್ದು ಶಿರಸಿಯಲ್ಲಿ ನೆಂಟರಿದ್ದರೆ ಒಂದು ಪ್ರತಿ ಅಲ್ಲಿರಲಿ. ಸಿಡಿಲು ಬಡಿದರೆ ಒಂದೇ ಮನೆಯ ಎರಡೂ ಪ್ರತಿ ಒಟ್ಟಿಗೇ ಹೋಗಬಹುದು.

## ಹಂತ 8: ಮಳೆಗಾಲದಲ್ಲಿ ಇಟ್ಟುಕೊಳ್ಳುವ ಬಗೆ

ಒಳಗಿರುವ ಡಿಸ್ಕಿಗೆ ಓಡುವುದೇ ಔಷಧಿ. ವಾರಕ್ಕೊಮ್ಮೆ ಒಂದೆರಡು ಗಂಟೆ ಕಂಪ್ಯೂಟರ್ ಹಚ್ಚಿದರೆ ಒಳಗಿನ ತೇವ ಆರುತ್ತದೆ. ಗುಡುಗು ಶುರುವಾದರೆ ಪ್ಲಗ್ ಕೀಳಿ, ಜೊತೆಗೆ ಇಂಟರ್‌ನೆಟ್ ಕೇಬಲ್ ಕೂಡ. ಪೋರ್ಟಬಲ್ ಡಿಸ್ಕನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ನೀಲಿ ಮಣಿಗಳ ಜೆಲ್ ಆದರೆ ಗುಲಾಬಿಗೆ ತಿರುಗಿದಾಗ ಬದಲಿಸಿ. ಅಟ್ಟದ ಮೇಲೆ, ಗೋಡೆ ಬೆವರುವ ಕಪಾಟಿನಲ್ಲಿ ಬೇಡ.

ತಿಂಗಳಿಗೊಮ್ಮೆ 5ನೇ ಹಂತದ ಅಂಕಿ ನೋಡಿ ಅದೇ ಫೈಲಿಗೆ ಸೇರಿಸಿ. ಹಳೆ ಡಿಸ್ಕಿನಲ್ಲಿ 05ರ ಎದುರು ಎಂಟು ಇದ್ದು ವರ್ಷವಿಡೀ ಎಂಟೇ ಇದ್ದರೆ ಓಡಿಸಬಹುದು. ಎಂಟು ಹನ್ನೆರಡಾಗಿ, ಹನ್ನೆರಡು ಮೂವತ್ತಾದರೆ ಅವತ್ತೇ ಬದಲಿ ತನ್ನಿ.

## ಟಕ್ ಟಕ್ ಶಬ್ದ ಬಂದರೆ

ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಹಚ್ಚಿ ನೋಡಬೇಡಿ, ಪ್ರತಿ ಸಲವೂ ಹೆಡ್ ತಟ್ಟೆಯನ್ನು ಗೀರುತ್ತಿರಬಹುದು. ಫ್ರಿಜ್ಜಿನಲ್ಲಿ ಇಡುವ ಉಪಾಯ ನಮ್ಮ ತೇವದಲ್ಲಿ ಇನ್ನೂ ಕೆಟ್ಟದ್ದು. ಹೊರಗೆ ತೆಗೆದ ಕೂಡಲೇ ನೀರು ಕೂರುತ್ತದೆ. ಮುಚ್ಚಳ ಬಿಚ್ಚಿ ನೋಡಲೇಬೇಡಿ.

ಶಬ್ದ ಇಲ್ಲ, ಆದರೆ ಫೈಲ್ ತೆರೆಯಲು ಸತಾಯಿಸುತ್ತಿದೆ, ಸಿ5 ಏರುತ್ತಿದೆ ಎಂದರೆ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ವ್ಯವಸ್ಥೆ ಸರಿಪಡಿಸಲು ಹೋಗಿ ಸಾಯುತ್ತಿರುವ ಡಿಸ್ಕನ್ನೇ ಗಂಟೆಗಟ್ಟಲೆ ದುಡಿಸುತ್ತದೆ. ಮೊದಲು ಬೇಕೇ ಬೇಕಾದ ಫೋಲ್ಡರುಗಳನ್ನು ಕಾಪಿ ಮಾಡಿ. ಓದಲಾಗದ ಫೈಲ್ ಸಿಕ್ಕರೆ ಅದನ್ನು ಬಿಟ್ಟು ಮುಂದೆ ಹೋಗಿ. ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಓದಬರುವ ಭಾಗವನ್ನು ಮೊದಲು ತೆಗೆದು, ಕಷ್ಟದ್ದನ್ನು ಕೊನೆಗೆ ಪ್ರಯತ್ನಿಸುತ್ತದೆ.

ಡೇಟಾ ತೆಗೆಸಲು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವುದಾದರೆ, ಆ್ಯಂಟಿಸ್ಟ್ಯಾಟಿಕ್ ಕವರಿಗೆ ಹಾಕಿ, ನಾಲ್ಕೂ ಬದಿ ಎರಡು ಬೆರಳು ದಪ್ಪ ಸ್ಪಂಜು ಇಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಕಳಿಸಿ. ಜೊತೆಗೆ ಒಂದು ಚೀಟಿ ಇರಲಿ: ಯಾವಾಗ ಶಬ್ದ ಶುರುವಾಯಿತು, ಆಮೇಲೆ ಎಷ್ಟು ಸಲ ಹಚ್ಚಿದಿರಿ, ಯಾವ ಫೋಲ್ಡರ್ ಮೊದಲು ಬೇಕು. ಮೊದಲು ದರ ಕೇಳಿ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನೂ ಬರಹದಲ್ಲಿ ತೆಗೆದುಕೊಳ್ಳಿ.